ನೀರಿನ ಸಮಿತಿಯ ಮುಂದೆ ಆರಿದ ಕಾಫಿ

ನನ್ನ ತಂಗಿ ಗಂಡ ಮುಫ್ಲಿಹ್ ಒಂದೇ ಒಂದು ಗುಟುಕು ಕಾಫಿ ಕುಡಿಯದೆ ಕೂತದ್ದಕ್ಕೆ ಮಂತ್ರಿಯೊಬ್ಬರು ಅರ್ಧ ಊಟಕ್ಕೇ ಎದ್ದು ಓಡಿಬಂದರು, ಮೂರು ಮಿನಿಬಸ್ಸಿನಷ್ಟು ಜನ ಸಂಸತ್ತಿನ ಗೇಟಿಗೆ ಜೋತುಬಿದ್ದರು, ನಡಾವಳಿ ಬರೆಯುವ ಗುಮಾಸ್ತನಿಗೆ ತಲೆ ಸುತ್ತಿ ಬಂತು. ನಂಬೋದಿಲ್ಲ ಅಲ್ಲವೆ? ನಂಬಬೇಡಿ. ಅಲ್ಲೇ ಹಿಂದಿನ ಕುರ್ಚಿಯಲ್ಲಿ ಕೂತು ಎರಡು ಕಣ್ಣಲ್ಲೂ ನೋಡಿದ ನನಗೇ ಇವತ್ತಿನವರೆಗೆ ನಂಬಿಕೆ ಬಂದಿಲ್ಲ.

ನಾನು ಸುಮ್ಮಸುಮ್ಮನೆ ಗಾಬರಿ ಬೀಳುವ ಆಸಾಮಿ ಅಲ್ಲ, ನೋಡಿ. ನಮ್ಮೂರು ಉಮ್ ಸಿದ್ರಾದಿಂದ ರಾಜಧಾನಿ ಅಮ್ಮಾನಿಗೆ ಮೂವತ್ತೊಂದು ವರ್ಷ ಮಿನಿಬಸ್ಸು ಓಡಿಸಿದವನು. ನನ್ನ ಬಸ್ಸಿನಲ್ಲಿ ಎರಡು ಹೆರಿಗೆ ಆಗಿವೆ. ಹೋಗುವಾಗ ತಲಾಖ್ ಕೊಟ್ಟು ಬರುವಾಗ ರಾಜಿಯಾದವರಿದ್ದಾರೆ. ಒಮ್ಮೆ ಚಹಾ ಕುಡಿಯೋಕೆ ಇಳಿದಾಗ ಟಗರೊಂದು ನನ್ನ ಸೀಟಿನಲ್ಲೇ ಬಂದು ಕೂತಿತ್ತು. ಯಾವುದಕ್ಕೂ ಈ ಶಿಬ್ಲಿ ಹುಬ್ಬು ಎತ್ತಿದವನಲ್ಲ. ಆದರೆ ಆ ದಿನ ನೀರಿನ ಸಮಿತಿಯ ಕೋಣೆಯಲ್ಲಿ ತೆರೆದ ಬಾಯನ್ನು ಮನೆಗೆ ಬಂದಮೇಲೆ ನನ್ನ ಹೆಂಡತಿ ಮುಚ್ಚಿಸಬೇಕಾಯಿತು.

ಮುಫ್ಲಿಹ್ ನಮ್ಮೂರ ಸರ್ಕಾರಿ ಬಾವಿಯ ಪಂಪು ನಡೆಸುವವನು. ಇಪ್ಪತ್ತಾರು ವರ್ಷದ ನೌಕರಿ, ನಿವೃತ್ತಿಗೆ ನಾಲ್ಕೇ ತಿಂಗಳು ಬಾಕಿ. ಪಂಪಿನಲ್ಲಿ ಒಂದು ಸಣ್ಣ ಕೊರತೆ ಮಾತ್ರ ಇತ್ತು: ಮೋಟಾರು ಇರಲಿಲ್ಲ. ಹನ್ನೊಂದು ತಿಂಗಳ ಹಿಂದೆ ರಿಪೇರಿಗೆಂದು ಬಿಚ್ಚಿ ಲಾರಿಗೆ ಹಾಕಿಕೊಂಡು ಹೋದವರು ತಿರುಗಿ ತಂದಿರಲಿಲ್ಲ. ಆದರೂ ಪುಣ್ಯಾತ್ಮ ದಿನಾ ಬೆಳಿಗ್ಗೆ ಏಳಕ್ಕೆ ಶೆಡ್ಡಿಗೆ ಹೋಗುತ್ತಿದ್ದ. ಕಸ ಗುಡಿಸಿ, ಮೋಟಾರಿದ್ದ ಜಾಗದ ನಾಲ್ಕು ಬೋಲ್ಟಿಗೆ ಎಣ್ಣೆ ಹಾಕಿ, ಚಹಾ ಕಾಸಿಕೊಂಡು, ರಿಜಿಸ್ಟರಿನಲ್ಲಿ "ಪಂಪು ಎಂಟು ಗಂಟೆ ಓಡಿತು" ಅಂತ ಬರೆದು ಸಹಿ ಮಾಡಿ ಬರುತ್ತಿದ್ದ. ಹಾಗೆ ಬರೆ ಅಂದವರು ನೀರಿನ ಕಚೇರಿಯ ಇಂಜಿನಿಯರ್ ರಾತಿಬ್. ಊರಿನವರು ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುತ್ತ, ಇವನನ್ನು ಕಂಡಲ್ಲೆಲ್ಲ ಬೈಯುತ್ತಿದ್ದರು.

ಹೀಗಿರುವಾಗ ಸಂಸತ್ತಿನ ನೀರಿನ ಸಮಿತಿಯಿಂದ ಒಂದು ಲಕೋಟೆ ಬಂತು. ಒಳಗಿದ್ದದ್ದು ಒಂದೇ ಸಾಲು: ಪಂಪು ನಡೆಸುವ ನೌಕರ ರಿಜಿಸ್ಟರಿನ ಸಮೇತ ವಿಚಾರಣೆಗೆ ಹಾಜರಾಗತಕ್ಕದ್ದು. ಬೇರೆ ಯಾರಾದರೂ ಆಗಿದ್ದರೆ ಜ್ವರ ಬಂದು ಮಲಗುತ್ತಿದ್ದರು. ನಮ್ಮವನು ಕಾಗದವನ್ನು ಒಳಜೇಬಿಗೆ ಸೇರಿಸಿ, ಮುದ್ರೆ ಇದ್ದ ಲಕೋಟೆಯನ್ನು ಮಾತ್ರ ಕೈಯಲ್ಲಿ ಹಿಡಿದುಕೊಂಡು ಕ್ಷೌರದಂಗಡಿಗೆ ಹೋದ.

"ಏನಿಲ್ಲ, ಸಂಸತ್ತಿನವರು ಸ್ವಲ್ಪ ಸಲಹೆ ಕೇಳಿದ್ದಾರೆ," ಅಂದನಂತೆ.

ಅಷ್ಟೇ ಸಾಕಾಯಿತು. ಸಂಜೆಗೆ ಅವನು ಸಲಹೆಗಾರ, ಮಾರನೆ ದಿನ ಜಲತಜ್ಞ. ಹನ್ನೊಂದು ತಿಂಗಳು ಬೈದ ಬಾಯಿಗಳೇ ಈಗ ಮರ್ಯಾದೆಯಿಂದ ಮಗನ ಹೆಸರು ಹಿಡಿದು "ಅಬು ಸಗ್ರ್, ಒಳಗೆ ಬನ್ನಿ" ಅನ್ನತೊಡಗಿದವು. ಕಸಾಯಿ ಯಕೂಬ್ ಬೀದಿ ದೀಪದ ಅರ್ಜಿ ಕೊಟ್ಟ. ಶಾಲೆಯ ಮೇಷ್ಟ್ರು ಒಂಬತ್ತು ಪುಟದ ಭಾಷಣ ಬರೆದುಕೊಟ್ಟು, ಜೊತೆಗೆ ತಮ್ಮ ಮದುವೆಯ ಕೋಟನ್ನೂ ಕೊಟ್ಟರು. ಕೋಟಿನ ತೋಳು ಇವನ ಬೆರಳ ತುದಿ ದಾಟುತ್ತಿತ್ತು. ಹಜ್ ಮಾಡಿ ಬಂದ ಮುದುಕಿಯೊಬ್ಬಳು ತನ್ನ ಆಡಿನ ಕೆಮ್ಮಿನ ವಿಚಾರವನ್ನು ಸಂಸತ್ತಿನಲ್ಲಿ ಎತ್ತಬೇಕೆಂದು ಆಣೆ ಹಾಕಿಸಿಕೊಂಡಳು.

ನನ್ನ ತಂಗಿ ಫಿದ್ದಾ ಒಬ್ಬಳೇ ಮರುಳಾಗದವಳು. "ಜಲತಜ್ಞರೇ, ಕೈ ತೊಳೆಯೋಕೆ ಮನೇಲಿ ಒಂದು ಚೊಂಬು ನೀರಿಲ್ಲ. ಅದಕ್ಕೊಂದು ಸಲಹೆ ಕೊಡಿ ಮೊದಲು," ಅಂದಳು.

ಇಂಜಿನಿಯರ್ ರಾತಿಬ್ ಸಾಹೇಬರ ಕಿವಿಗೂ ಸುದ್ದಿ ಬಿತ್ತು. ಕರೆಸಿದರು. ಮುಫ್ಲಿಹ್ ಜೊತೆ ನಾನೂ ಹೋಗಿದ್ದೆ. ಕೂರಿ ಅನ್ನಲಿಲ್ಲ.

"ನೋಡಪ್ಪಾ, ನೀನು ನನ್ನ ಹಿಂದಿನ ಸಾಲಲ್ಲಿ ಕೂತ್ಕೋತೀಯ. ಏನು ಕೇಳಿದ್ರೂ 'ಇಂಜಿನಿಯರ್ ಸಾಹೇಬರಿಗೆ ಗೊತ್ತು' ಅಂತೀಯ. ನಿನ್ನ ಪಿಂಚಣಿ ಕಾಗದಕ್ಕೆ ಸಹಿ ಹಾಕೋದು ಯಾರು?"

"ತಾವೇ ಸ್ವಾಮಿ."

"ಹಾಂ. ಅಷ್ಟು ನೆನಪಿರಲಿ."

ಮುಫ್ಲಿಹ್‌ನ ಜಂಬವೆಲ್ಲ ಅಲ್ಲೇ ಇಳಿದುಹೋಯಿತು. ಮಗಳ ಮದುವೆ ಗೊತ್ತಾಗಿದೆ, ಮಗ ಸಗ್ರ್ ಇನ್ನೂ ಓದುತ್ತಿದ್ದಾನೆ, ಪಿಂಚಣಿ ಬಿಟ್ಟರೆ ಈ ಮನುಷ್ಯನಿಗೆ ಜಗತ್ತಿನಲ್ಲಿ ಇರುವುದು ಎಣ್ಣೆ ಹಾಕಿದ ನಾಲ್ಕು ಬೋಲ್ಟು. ಬಾಯಿ ಬಿಡೋದಿಲ್ಲ ಭಾವ, ಖಂಡಿತ ಬಿಡೋದಿಲ್ಲ ಅಂತ ದಾರಿಯುದ್ದಕ್ಕೂ ನನಗೇ ಭಾಷೆ ಕೊಟ್ಟುಕೊಂಡು ಬಂದ.

ವಿಚಾರಣೆಯ ಹಿಂದಿನ ದಿನ ಫಿದ್ದಾ ಹೊಸದೊಂದು ತೆಗೆದಳು. "ಹೇಗೂ ಅಮ್ಮಾನಿಗೆ ಹೋಗ್ತೀಯ. ಆಸ್ಪತ್ರೇಲಿ ಸಕ್ಕರೆ ಕಾಯಿಲೆ ಪರೀಕ್ಷೆಗೆ ರಕ್ತ ಕೊಟ್ಟು ಬಾ. ಖಾಲಿ ಹೊಟ್ಟೇಲಿ ಕೊಡಬೇಕಂತೆ, ಒಂದು ಹನಿ ಏನೂ ಕುಡೀಬೇಡ. ಅಣ್ಣ, ಇವನ ಮೇಲೆ ಒಂದು ಕಣ್ಣಿಡು."

ಬೆಳಿಗ್ಗೆ ಹೊರಟೆವು. ಊರು ದಾಟಿ ಕಣಿವೆಯ ರಸ್ತೆಗೆ ಬಂದಾಗ ಮುಫ್ಲಿಹ್ ಕಿಟಕಿಯಾಚೆ ಬೆರಳು ತೋರಿಸಿದ. ಅಲ್ಲಿ ಇಂಜಿನಿಯರ್ ಸಾಹೇಬರ ದಾಳಿಂಬೆ ತೋಟ, ಹಸಿರೋ ಹಸಿರು.

"ಭಾವ, ನಮ್ಮ ಮೋಟಾರು ಅಲ್ಲಿದೆ."

ನಾನು ಬ್ರೇಕ್ ಒತ್ತಿದ ರಭಸಕ್ಕೆ ಹಿಂದಿನ ಸೀಟಿನ ಈರುಳ್ಳಿ ಮೂಟೆ ಮುಂದಿನ ಸೀಟಿಗೆ ಬಂತು. "ಏನಂದೆ?"

"ನಾನೇ ಬಳಿದ ಬಣ್ಣ. ಪಕ್ಕದಲ್ಲಿ ನಾನೇ ಬಡಿದು ಸರಿಮಾಡಿದ ತಗ್ಗು. ನೋಡಿದ ತಕ್ಷಣ ಗುರುತು ಸಿಕ್ತು."

"ಅಯ್ಯೋ ಪಾಪಿ! ಯಾವಾಗ ನೋಡಿದೆ?"

"ಆರು ತಿಂಗಳಾಯ್ತು. ಚೆನ್ನಾಗಿ ಓಡ್ತಿದೆ," ಅಂದ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಅಲ್ಲಾನಾಣೆ!

ಹತ್ತಕ್ಕೆ ಅಂದಿದ್ದ ವಿಚಾರಣೆ ಹನ್ನೊಂದೂವರೆಗೆ ಶುರುವಾಯಿತು. ಉದ್ದ ಮೇಜು, ಪ್ರತಿಯೊಬ್ಬರ ಮುಂದೆ ಮೈಕು, ಗೋಡೆಯ ಮೂಲೆಯಲ್ಲಿ ಎಲ್ಲವನ್ನೂ ಟೀವಿಯಲ್ಲಿ ನೇರ ತೋರಿಸುವ ಕ್ಯಾಮೆರಾ. ಅಧ್ಯಕ್ಷರು ಶೇಖ್ ಹಾಯಿಲ್, ಎಪ್ಪತ್ತು ದಾಟಿದ ಹಿರಿಯರು. ಹೆಣ್ಣು ಕೇಳೋಕಿರಲಿ, ಕೊಲೆ ಜಗಳದ ರಾಜಿಗಿರಲಿ, ನಮ್ಮ ಸೀಮೆಯಲ್ಲಿ ಹಿರಿಯರ ತಂಡ ಹೊರಟರೆ ಮುಂದೆ ನಡೆಯೋದು ಅವರೇ. ಪಕ್ಕದಲ್ಲಿ ವಕೀಲೆ ನುಹಾ, ಮೊದಲ ಸಲ ಆರಿಸಿ ಬಂದ ಸದಸ್ಯೆ. ಅವರ ಮುಂದೆ ನಿಯಮಗಳ ಪುಸ್ತಕ, ಪುಟಪುಟಕ್ಕೂ ಬಣ್ಣದ ಚೀಟಿ.

ಇಂಜಿನಿಯರ್ ರಾತಿಬ್ ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಎಲ್ಲ ಗೆರೆಗಳೂ ಮೇಲಕ್ಕೇ ಹೋಗುತ್ತಿದ್ದವು. ಉಮ್ ಸಿದ್ರಾದಲ್ಲಿ ದಿನಕ್ಕೆ ಎಂಟು ಗಂಟೆ ನೀರು ಅಂದರು.

"ಹಾಗಾದರೆ ಊರಿನವರು ಟ್ಯಾಂಕರ್ ಯಾಕೆ ತರಿಸ್ತಾರೆ?" ನುಹಾ ಕೇಳಿದರು.

"ಅಭ್ಯಾಸ ಮೇಡಂ. ಹಳೇ ಜನ. ಟ್ಯಾಂಕರ್ ನೀರೇ ರುಚಿ ಅಂತಾರೆ."

ನನಗೆ ಕುರ್ಚಿಯಿಂದ ಎದ್ದು ಹೋಗಿ ಅವರ ಬಾಯಿಗೆ ಒಂದು ಬಿಂದಿಗೆ ಟ್ಯಾಂಕರ್ ನೀರು ಹೊಯ್ಯೋಣ ಅನ್ನಿಸಿತು.

"ಪಂಪು ನಡೆಸುವವರು ಬಂದಿದ್ದಾರಾ? ಮುಂದೆ ಬರಲಿ," ಅಂದರು ನುಹಾ.

ಮುಫ್ಲಿಹ್ ಎದ್ದ. ಎಡ ಕಂಕುಳಲ್ಲಿ ರಿಜಿಸ್ಟರು. ಸರಿಯಾಗಿ ಅದೇ ಹೊತ್ತಿಗೆ ಕಾಫಿ ಕೊಡುವ ಮುದುಕ ಹಿತ್ತಾಳೆಯ ಹೂಜಿ ಹಿಡಿದು ಬಂದು, ಏಲಕ್ಕಿ ಘಮಘಮಿಸುವ ಕಹಿ ಕಾಫಿಯನ್ನು ಪುಟ್ಟ ಬಟ್ಟಲಿಗೆ ಬಗ್ಗಿಸಿ ಅವನ ಬಲಗೈಗೆ ಕೊಟ್ಟ. ಹಿಡಿಯದೆ ಇರುವ ಹಾಗಿಲ್ಲ, ಹಿಡಿದ. ಕುಡಿಯುವ ಹಾಗಿಲ್ಲ, ರಕ್ತ ಕೊಡಬೇಕು.

"ಮೈಕ್ ಒತ್ತಿ," ಅಂದರು ನುಹಾ.

ಒತ್ತೋಕೆ ಕೈ ಬೇಕಲ್ಲ? ಮುಫ್ಲಿಹ್ ತುಂಬಿದ ಬಟ್ಟಲನ್ನು ಶೇಖ್ ಹಾಯಿಲ್ ಅವರ ಎದುರಿಗೆ ಮೇಜಿನ ಮೇಲೆ ಇಟ್ಟುಬಿಟ್ಟ. ಟಕ್!

ಮೈಕಿನಲ್ಲಿ ಆ ಶಬ್ದ ಕೋಣೆಗೆಲ್ಲ ಕೇಳಿಸಿತು. ಕಾಫಿಯ ಮುದುಕ ಎದೆ ಮೇಲೆ ಕೈ ಇಟ್ಟುಕೊಂಡ. ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಇದರ ಅರ್ಥ ಗೊತ್ತು. ದೊಡ್ಡ ಬೇಡಿಕೆ ಹೊತ್ತು ಬಂದವನು ಮಾತ್ರ ಕಾಫಿಯನ್ನು ಕುಡಿಯದೆ ಯಜಮಾನನ ಮುಂದೆ ಇಡುತ್ತಾನೆ. ಕೇಳಿದ್ದು ಕೊಟ್ಟೆ ಅನ್ನುವವರೆಗೆ ತುಟಿಗೆ ಸೋಕಿಸುವುದಿಲ್ಲ. ಅವನನ್ನು ಬರಿಗೈಯಲ್ಲಿ ಕಳಿಸಿದರೆ ಯಜಮಾನನ ಮಾನ ಹೋಯಿತು. ಕೇಳದೆ ಸುಮ್ಮನೆ ಎತ್ತಿ ಕುಡಿದರೆ ಇಟ್ಟವನ ಕುಲಕ್ಕೇ ನಗೆಪಾಟಲು.

ಶೇಖ್ ಹಾಯಿಲ್ ಕನ್ನಡಕ ತೆಗೆದರು. ಅಲ್ಲಿಯವರೆಗೆ ಗೆರೆಗಳನ್ನು ನೋಡಿ ತೂಕಡಿಸುತ್ತಿದ್ದ ಮುಖದಲ್ಲಿ ಜೀವ ಬಂತು. "ಸ್ವಾಗತ, ಸ್ವಾಗತ. ಯಾರ ಮಗನಪ್ಪಾ ನೀನು? ಏನು ನಿನ್ನ ಬೇಡಿಕೆ?"

ಆಗಲೇ ಮುಫ್ಲಿಹ್ ತಾನು ಮಾಡಿದ್ದನ್ನು ನೋಡಿದ್ದು. ಬಟ್ಟಲು ನೋಡಿದ, ಶೇಖರನ್ನು ನೋಡಿದ, ಮುಖ ಸುಣ್ಣವಾಯಿತು. "ನಂದು... ನಂದೇನೂ ಬೇಡಿಕೆ ಇಲ್ಲ, ಯಾ ಶೇಖ್."

"ನೋಡಿದಿರಾ!" ಶೇಖ್ ಹಾಯಿಲ್ ಸುತ್ತ ನೋಡಿದರು. "ದೊಡ್ಡ ಬೇಡಿಕೆಯವರು ಮೊದಲು ಹೀಗೇ ಅನ್ನೋದು. ಮೂವತ್ತು ವರ್ಷದ ಕೊಲೆ ರಾಜಿ ಮಾಡಿಸಿದಾಗ್ಲೂ ಮೊದಲು ಇದೇ ಮಾತು. ಸಂಕೋಚ ಬೇಡಪ್ಪಾ."

"ಇಲ್ಲ ಯಾ ಶೇಖ್, ನಂಗೆ ಆಸ್ಪತ್ರೆಗೆ..."

"ಆಸ್ಪತ್ರೆ!" ಮೂಲೆಯ ಸದಸ್ಯರೊಬ್ಬರು ಮೇಜು ಗುದ್ದಿದರು. "ಊರಿಗೆ ಆಸ್ಪತ್ರೆ ಕೇಳ್ತಿದ್ದಾನೆ, ಪಾಪ!"

"ಅಲ್ಲ, ಅಲ್ಲ!"

"ಅದಕ್ಕಿಂತ ದೊಡ್ಡದು," ಅಂದರು ಶೇಖ್, ಗಂಭೀರವಾಗಿ.

ನುಹಾ ನಿಯಮದ ಪುಸ್ತಕ ಎತ್ತಿದರು. "ಅಧ್ಯಕ್ಷರೇ, ಇದು ವಿಚಾರಣೆ. ನಾವು ಕೇಳಬೇಕು, ಸಾಕ್ಷಿ ಉತ್ತರ ಕೊಡಬೇಕು. ಸಾಕ್ಷಿಯೇ ಕೇಳೋದು ಯಾವ ನಿಯಮದಲ್ಲಿದೆ?"

"ಮಗಳೇ, ನಿನ್ನ ನಿಯಮಕ್ಕೆ ಎಷ್ಟು ವಯಸ್ಸು? ಈ ಬಟ್ಟಲಿಗೆ ಎಷ್ಟು ವಯಸ್ಸು?"

ಗುಮಾಸ್ತ ಕೈ ಎತ್ತಿದ. "ಸ್ವಾಮಿ, ನಡಾವಳಿಯಲ್ಲಿ ಏನಂತ ಬರೀಲಿ? ಸಾಕ್ಷಿ ಕಾಫಿ ನಿರಾಕರಿಸಿದರು ಅಂತಲೋ, ಸಾಕ್ಷಿ ಬೇಡಿಕೆ ಮಂಡಿಸಿದರು ಅಂತಲೋ?"

"ಬಟ್ಟಲು ಇಟ್ಟರು ಅಂತ ಬರಿ!" ಅಂದರು ಶೇಖ್.

"ಇಟ್ಟಿದ್ದಕ್ಕೆ ಯಾವ ಕಲಂ ಹಾಕಲಿ ಸ್ವಾಮಿ?" ಅಂತ ಕೇಳಿ ಗುಮಾಸ್ತ ತಲೆ ಹಿಡಿದುಕೊಂಡ.

ಇಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳೋಕೆ ಶುರು. ಊರಿನವರೆಲ್ಲ ತಮ್ಮ ಜಲತಜ್ಞನನ್ನು ನೋಡುತ್ತಿದ್ದರಲ್ಲ! ನಮ್ಮ ಕುಲದ ಹಿರಿಯ ದಹಾಮ್ ಅಜ್ಜ ಕಿವಿ ತೂತಾಗುವ ಹಾಗೆ ಕೂಗಿದರು: "ಶಿಬ್ಲಿ! ಬಟ್ಟಲು ಇಟ್ಟದ್ದು ನೋಡಿದೆ! ಏನು ಕೇಳಿದ?"

"ಏನೂ ಕೇಳಿಲ್ಲ ಅಜ್ಜ, ಅದು ಏನಾಯ್ತು ಅಂದ್ರೆ..."

"ಭೇಷ್! ಹಾಗೇ ಬಿಗಿಯಾಗಿರಲಿ. ಒಂದು ಹನಿ ಕುಡಿದ್ರೂ ಊರೊಳಗೆ ಕಾಲಿಡಬೇಡ ಅನ್ನು. ನಾವು ಬರ್ತಿದೀವಿ!"

ಮರುಕ್ಷಣ ಫಿದ್ದಾ. "ಅಣ್ಣ, ಏನನ್ನಾದ್ರೂ ಕುಡಿದನಾ?"

"ಇಲ್ಲ."

"ಸದ್ಯ! ರಕ್ತ ತಗೊಳ್ಳೋದು ಒಂದು ಗಂಟೆವರೆಗೆ ಮಾತ್ರ, ಬೇಗ ಹೊರಡಿಸು." ಇಡೀ ಸೀಮೆಯಲ್ಲಿ ಆ ಬಟ್ಟಲಿನ ನಿಜ ತಿಳಿದವರು ನಾವು ಮೂರೇ ಜನ.

ರಾತಿಬ್ ಸಾಹೇಬರು ಮುಫ್ಲಿಹ್‌ನ ಕಿವಿಯ ಹತ್ತಿರ ಬಾಗಿದ್ದರು. ಅವನ ಮೈಕು ಆರಿಸಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. "ಕುಡಿಯೋ ಕತ್ತೆ!" ಅಂದದ್ದು ಇಡೀ ದೇಶಕ್ಕೆ ಕೇಳಿಸಿತು. ಶೇಖ್ ಹಾಯಿಲ್ ಅವರ ಮೀಸೆ ಎದ್ದು ನಿಂತಿತು.

"ನನ್ನ ಮುಂದೆ ಬಟ್ಟಲಿಟ್ಟ ಅತಿಥಿಯನ್ನ ಕತ್ತೆ ಅಂದಿರಾ?"

"ಇಲ್ಲ ಯಾ ಶೇಖ್, ಪ್ರೀತಿಯಿಂದ ಅಂದದ್ದು!"

ಮೈಕು ಆರಿಸಿದ ಮೇಲೆ ಸಾಹೇಬರು ವರಸೆ ಬದಲಾಯಿಸಿದರು. ಹಿಂದಿದ್ದ ನನಗೆ ಕೇಳುತ್ತಿತ್ತು. ಹಿರಿಯ ಆಪರೇಟರ್ ಮಾಡ್ತೀನಿ ಅಂದರು. ಮಗನಿಗೆ ಕಚೇರಿಯಲ್ಲಿ ಕೆಲಸ ಅಂದರು. ಮಗಳ ಮದುವೆಗೆ ಕಚೇರಿಯ ಜೀಪು ಅಂದರು. ಮುಫ್ಲಿಹ್ ಬೆದರಿ ನಾಲಿಗೆ ಕಳೆದುಕೊಂಡಿದ್ದ. ನೋಡಿದವರು ಮಾತ್ರ ಎಂಥ ಗಾಂಭೀರ್ಯ, ಎಂಥ ಕುಲ ಅಂತ ತಲೆದೂಗಿದರು. ಬಟ್ಟಲು ಆರಿದಾಗಲೆಲ್ಲ ಕಾಫಿಯ ಮುದುಕ ಅದನ್ನು ತೆಗೆದು ಹೊಸದು ಬಿಸಿಬಿಸಿ ಇಡುತ್ತಿದ್ದ, ಇಡುವಾಗೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದ. ನಲವತ್ತು ವರ್ಷದಲ್ಲಿ ತನ್ನ ಕಾಫಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ ಅಂತ ಆಮೇಲೆ ನನ್ನ ಹತ್ತಿರ ಹೇಳಿದ.

ಒಂದು ಗಂಟೆ ಹೊಡೆಯಿತು, ರಕ್ತ ಕೊಡುವ ಹೊತ್ತು ಹೋಯಿತು. ಗೇಟಿನ ಹತ್ತಿರ ಗದ್ದಲ. ಕಿಟಕಿಯಿಂದ ಇಣುಕಿದರೆ ನಮ್ಮೂರಿನ ಮೂರು ಮಿನಿಬಸ್ಸು, ಕೆಂಪು ರುಮಾಲಿನ ತಲೆಗಳು, ಮುಂದೆ ದಹಾಮ್ ಅಜ್ಜ. ಒಂದು ಬಸ್ಸು ನನ್ನದೇ! ಚಾವಿ ನನ್ನ ಜೇಬಲ್ಲೇ ಇತ್ತು. ಹೇಗೆ ತಂದರು ಅಂತ ಇವತ್ತಿಗೂ ಯಾರೂ ಹೇಳುತ್ತಿಲ್ಲ. ನಾನು ಬೆಳಿಗ್ಗೆ ಅದನ್ನು ಅಮ್ಮಾನಿನ ಬಸ್ ನಿಲ್ದಾಣದಲ್ಲಿ ನಿಲ್ಲಿಸಿ ಬಂದಿದ್ದೆ, ಅಲ್ಲಿಂದ ಗೇಟಿಗೆ ಅದನ್ನೂ ಎಳೆದು ತಂದಿದ್ದರು.

ಕಡೆಗೆ ಮಂತ್ರಿಗಳೇ ಬಂದರು. ಯಾರದೋ ಮನೆಯ ಮನ್ಸಫ್ ಊಟದಿಂದ, ಕುರಿಮಾಂಸ ಅನ್ನದ ಹರಿವಾಣ ಬಿಟ್ಟು, ಎದ್ದು ಬಂದಿದ್ದರು, ಬಲಗೈಯ ಬೆರಳಿಗೆ ಇನ್ನೂ ಅನ್ನ ಅಂಟಿತ್ತು. ಶೇಖ್ ಹಾಯಿಲ್ ವಿಷಯ ತಿಳಿಸಿದರು: ಒಂದೂವರೆ ಗಂಟೆಯಿಂದ ಬಟ್ಟಲು ಕೂತಿದೆ, ಬಾಯಿ ಬಿಡುತ್ತಿಲ್ಲ, ಕೊಡಬೇಕಾದವರು ನೀವು. ಮಂತ್ರಿಗಳು ಕ್ಯಾಮೆರಾ ನೋಡಿದರು, ಕಿಟಕಿ ನೋಡಿದರು, ಬೆವರು ಒರೆಸಿದರು. ಎದೆ ಮೇಲೆ ಕೈಯಿಟ್ಟು ಹಳೇ ಕಾಲದ ದೊಡ್ಡ ಮನುಷ್ಯರ ಹಾಗೆ ಅಂದುಬಿಟ್ಟರು:

"ಕುಡಿಯಪ್ಪಾ ನಿನ್ನ ಕಾಫಿ. ಕೇಳಿದ್ದು ಕೊಟ್ಟಿದ್ದೇನೆ."

ಕೇಳೋಕೆ ಮುಂಚೇನೇ! ನನಗೆ ಕುರ್ಚಿಯಲ್ಲಿ ಕೂರೋಕಾಗಲಿಲ್ಲ. ಎದ್ದು ನಿಂತು ಮುಫ್ಲಿಹ್‌ಗೆ ಕಾಣುವಂತೆ ಸಹಿ ಹಾಕುವ ಸನ್ನೆ ಮಾಡಿದೆ. ಪಿಂಚಣಿ ಕೇಳೋ, ಪಿಂಚಣಿ! ದೇಶದ ಮುಂದೆ ಮಂತ್ರಿ ಕೊಟ್ಟ ಮಾತು, ರಾತಿಬನ ಅಜ್ಜ ಬಂದರೂ ತಡೆಯೋಕಾಗಲ್ಲ! ಮುಫ್ಲಿಹ್ ನನ್ನನ್ನು ನೋಡಿದ. ಕಿಟಕಿಯ ಆಚೆ ಬಿಸಿಲಲ್ಲಿ ನಿಂತವರನ್ನು ನೋಡಿದ. ನಾಲಿಗೆಯಿಂದ ಒಣ ತುಟಿ ಸವರಿಕೊಂಡ.

"ಮೋಟಾರು," ಅಂದ.

"ಏನು?"

"ನಮ್ಮೂರ ಪಂಪಿನ ಮೋಟಾರು, ಸ್ವಾಮಿ. ಹನ್ನೊಂದು ತಿಂಗಳಿಂದ ಇಂಜಿನಿಯರ್ ಸಾಹೇಬರ ದಾಳಿಂಬೆ ತೋಟದಲ್ಲಿದೆ. ಅದನ್ನ ಕೊಡಿಸಿ."

ನಾನು ಕುರ್ಚಿಯ ಮೇಲೆ ಕೂರಲು ಹೋಗಿ ನೆಲದ ಮೇಲೆ ಕೂತೆ. ರಾತಿಬ್ ಸಾಹೇಬರ ಬಾಯಿ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚಿತು. ಮುಫ್ಲಿಹ್ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಮತ್ತೊಂದು ಕೇಳಿ ಕುಡಿದ. ಮೂರನೆಯದೂ ಕುಡಿದ. ಕಿಟಕಿಯಾಚೆ ದಹಾಮ್ ಅಜ್ಜನ ಕಡೆಯವರ ಕೂಗು ಮುಗಿಲು ಮುಟ್ಟಿತು.

ಆದರೆ ನುಹಾ ಸುಮ್ಮನಿರುವ ಹೆಂಗಸಲ್ಲ. ರಿಜಿಸ್ಟರು ಎಳೆದುಕೊಂಡು ಪುಟ ತಿರುವಿದರು. ತಿರುವಿದರು, ತಿರುವಿದರು. "ಮೋಟಾರು ಇರಲಿಲ್ಲ ಅಂತೀರಿ. ಇಲ್ಲಿ ದಿನಾ ಎಂಟು ಗಂಟೆ ಓಡಿತು ಅಂತಿದೆ. ಈ ಸಹಿ ಯಾರದು?"

"ನಂದೇ."

"ಬರೆದವರು?"

"ನಾನೇ ತಾಯಿ. ಪಿಂಚಣಿ ತಪ್ಪುತ್ತೆ ಅಂತ ಬರೆದೆ."

"ಬರೆಸಿದ್ದಕ್ಕೆ ಕಾಗದ ಇದೆಯಾ?"

ಎಲ್ಲಿಂದ ತರಬೇಕು ಕಾಗದ? ಬಾಯಲ್ಲಿ ಹೇಳಿದ್ದಲ್ಲವೆ! ಸತ್ತಂತಿದ್ದ ರಾತಿಬ್ ಸಾಹೇಬರು ತಟ್ಟನೆ ಜೀವ ತಾಳಿದರು. "ನೋಡಿ ಅಧ್ಯಕ್ಷರೇ, ತಪ್ಪೊಪ್ಪಿಕೊಂಡಿದ್ದಾನೆ! ಸರ್ಕಾರಿ ದಾಖಲೆ ತಿದ್ದಿದ್ದಾನೆ! ಮೋಟಾರನ್ನ ನಾನು ಪರೀಕ್ಷೆಗೆ ಒಯ್ದದ್ದು, ಅದಕ್ಕೆ ರಸೀದಿ ಇದೆ." ಮಂತ್ರಿಗಳು ಶೇಖರ ಕಡೆ ನೋಡಿದರು, ಶೇಖ್ ನೆಲ ನೋಡಿದರು. ಬೇಡಿಕೆ ಒಂದೇ ತಾನೆ, ಕೇಳಿಯಾಯಿತು, ಕುಡಿದೂ ಆಯಿತು. ಮೂರು ಬಟ್ಟಲು!

ಊರಿಗೆ ಮರಳಿದಾಗ ಊರಿನವರು ಮುಫ್ಲಿಹ್‌ನನ್ನು ಹೆಗಲ ಮೇಲೆ ಹೊತ್ತು ತಂದರು. ಮನೆ ಬಾಗಿಲಲ್ಲಿ ಫಿದ್ದಾ ನಿಂತಿದ್ದಳು. "ಕೇಳಿದ್ದೆಲ್ಲ ಕೊಡ್ತೀನಿ ಅಂತ ಮಂತ್ರಿ ಅಂದ್ರೆ ಈ ಮಹಾರಾಯ ಮೋಟಾರು ಕೇಳಿ ಬಂದ! ಹೋಗಲಿ, ರಕ್ತನಾದ್ರೂ ಕೊಟ್ಟು ಬಂದೆಯಾ?" ಅಂದು ಒಳಗೆ ಹೋದವಳು ವಾರಗಟ್ಟಲೆ ಮಾತಾಡಲಿಲ್ಲ.

ವಾರದೊಳಗೆ ಮೋಟಾರು ಬಂತು. ಅದೇ ಲಾರಿಯಲ್ಲಿ ಬಂದ ಕಾಗದದಲ್ಲಿ ಮುಫ್ಲಿಹ್‌ನ ಅಮಾನತು ಇತ್ತು. ಸುಳ್ಳು ದಾಖಲೆಯ ತನಿಖೆ ಮುಗಿಯುವವರೆಗೆ ಪಿಂಚಣಿಗೆ ತಡೆ, ಶೆಡ್ಡಿನ ಬೇಲಿಯೊಳಗೆ ಕಾಲಿಡಕೂಡದು. ಕೆಳಗಿನ ಸಹಿ ರಾತಿಬ್ ಸಾಹೇಬರದೇ! ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಮನೆಗೆ ಹೋಗಿ ಕೂಗಾಡಿದರೂ "ಪಾಪ, ಒಳ್ಳೆಯವನು" ಅನ್ನೋರೇ ಹೊರತು ಮುಂದೆ ಬರೋರಿಲ್ಲ. ಎಲ್ಲರೂ ಮಹಡಿಯ ಟ್ಯಾಂಕು ತೊಳೆಯುವುದರಲ್ಲಿ ಮುಳುಗಿದ್ದರು.

ಹತ್ತೊಂಬತ್ತನೆಯ ದಿನ ಪಂಪಿಗೆ ಚಾಲನೆ ಕೊಡೋಕೆ ಮಂತ್ರಿಗಳು ಬಂದರು, ಸಮಿತಿಯೂ ಸ್ಥಳ ವಿಚಾರಣೆಗೆ ಬಂತು, ಕ್ಯಾಮೆರಾಗಳೂ ಬಂದವು. ಕೊಟ್ಟ ಮಾತು ಉಳಿಸಿಕೊಂಡದ್ದನ್ನು ದೇಶ ನೋಡಬೇಕಲ್ಲ. ಶೆಡ್ಡಿನ ಮುಂದಿನ ನಲ್ಲಿಯಿಂದ ಮೊದಲ ಲೋಟ ನೀರು ಕುಡಿಯುವುದು ಮಂತ್ರಿಗಳೇ ಅಂತ ಗೊತ್ತಾಗಿತ್ತು. ರಾತಿಬ್ ಸಾಹೇಬರು ಅಮ್ಮಾನಿನಿಂದ ಇಬ್ಬರು ಹೊಸ ಆಪರೇಟರುಗಳನ್ನು ಕರೆತಂದಿದ್ದರು. ಮುಫ್ಲಿಹ್ ನನ್ನ ಪಕ್ಕದಲ್ಲಿ ಬೇಲಿಯ ಹೊರಗೆ ನಿಂತಿದ್ದ. ಆ ಪಕ್ಕದಲ್ಲಿ ಫಿದ್ದಾ, ಅವನ ತೋಳು ಬಿಗಿಯಾಗಿ ಹಿಡಿದುಕೊಂಡು.

ಮೋಟಾರು ಗುಂಯ್‌ಗುಟ್ಟಿತು. ಚಪ್ಪಾಳೆ. ಹೊಸಬ ಒಂದು ವಾಲ್ವಿನ ಚಕ್ರ ತಿರುಗಿಸಿದ. ನಲ್ಲಿಯಲ್ಲಿ ಹನಿಯಿಲ್ಲ. ಸ್ವಲ್ಪ ಹೊತ್ತಿಗೆ ಪೊಲೀಸ್ ಠಾಣೆಯ ಕಡೆಯಿಂದ ಹುಯ್ಯಲು, ಒಳಗೆ ಮೊಣಕಾಲುದ್ದ ನೀರಂತೆ. ಎರಡನೆಯ ಚಕ್ರ ತಿರುಗಿಸಿದರು. ದಹಾಮ್ ಅಜ್ಜನ ಕೋಳಿಗೂಡು ತೇಲಿ ಬಂತು, ಮೇಲೆ ಹುಂಜ ನಿಂತಿತ್ತು. ಮೂರನೆಯದಕ್ಕೆ ಮಂತ್ರಿಗಳ ಕಾಲ ಬುಡದಲ್ಲೇ ಪೈಪು ಬಾಯಿಬಿಟ್ಟಿತು, ಅವರು ಕೋಟಿನ ಕಾಲರಿನವರೆಗೆ ನೆನೆದರು. ಕೈಯ ಲೋಟ ಮಾತ್ರ ಖಾಲಿ. ಸೋರುವ ಪೈಪುಗಳನ್ನೆಲ್ಲ ಇಪ್ಪತ್ತಾರು ವರ್ಷ ಒಬ್ಬನೇ ತೇಪೆ ಹಾಕಿ, ತಿರುಗಿಸಿ ಜೋಡಿಸಿದ್ದವನು ಬೇಲಿಯ ಹೊರಗಿದ್ದಾನೆ, ಒಳಗಿರುವವರ ಕೈಯ ನಕ್ಷೆಗೂ ನೆಲದಡಿಯ ಪೈಪಿಗೂ ಸಂಬಂಧವೇ ಇಲ್ಲ!

"ಎಲ್ಲಿ ಆ ಮನುಷ್ಯ?" ಶೇಖ್ ಹಾಯಿಲ್ ಗುಡುಗಿದರು. "ಅಬು ಸಗ್ರ್! ಒಳಗೆ ಬಾರಪ್ಪಾ, ನೀರು ಬಿಡು!"

"ಬರೋ ಹಾಗಿಲ್ಲ ಯಾ ಶೇಖ್. ಬೇಲಿ ದಾಟಕೂಡದು ಅಂತ ಆಜ್ಞೆ ಇದೆ."

"ನಾನು ಹೇಳ್ತಿದೀನಿ, ಬಾ," ಅಂದರು ಮಂತ್ರಿಗಳು, ತೊಯ್ದ ಕೋಟು ಹಿಂಡುತ್ತ. "ಅಮಾನತು ಇಲ್ಲ ಅಂದ್ಕೋ. ಪಿಂಚಣಿ ಎಲ್ಲ ಆಮೇಲೆ ನೋಡೋಣ."

ಮುಫ್ಲಿಹ್ ಒಂದು ಕಾಲು ಎತ್ತಿದ. ಫಿದ್ದಾ ತೋಳು ಜಗ್ಗಿದಳು. ಈ ಪೆದ್ದ ಈಗ ಹೋಗಿ ನೀರು ಬಿಟ್ಟುಬಿಡುತ್ತಾನೆ, ಆಮೇಲೆ ಇವನನ್ನು ಕೇಳೋರು ಯಾರು ಅಂದುಕೊಂಡೆ. ಅಷ್ಟರಲ್ಲಿ ನುಹಾ ಕೆಸರಿನಲ್ಲಿ ಬೇಲಿಯ ಹತ್ತಿರ ಬಂದರು. ಕೈಯಲ್ಲಿ ಕಾಗದದ ಹಲಗೆ, ಪೆನ್ನು.

"ಬಾಯಿಮಾತು ನಡಾವಳಿಯಲ್ಲಿ ನಿಲ್ಲೋದಿಲ್ಲ ಅಬು ಸಗ್ರ್," ಅಂದರು ಮೆಲ್ಲಗೆ. "ಆ ದಿನ ನಾನು ನಿಮ್ಮನ್ನ ಕೇಳಿದ ಕಾಗದ ಇವತ್ತು ನೀವು ಕೇಳಿ."

ಎತ್ತಿದ ಕಾಲನ್ನು ಮುಫ್ಲಿಹ್ ಹಿಂದಕ್ಕಿಟ್ಟ. ಗಂಟಲು ಸರಿಮಾಡಿಕೊಂಡ. ನುಹಾರ ಕೈಯಿಂದ ಹಲಗೆ, ಪೆನ್ನು ತಗೊಂಡು ಬೇಲಿಯ ಸಂದಿಯಿಂದ ಮಂತ್ರಿಗಳಿಗೆ ಕೊಟ್ಟ.

"ಬರೀರಿ ಸ್ವಾಮಿ."

ಮಂತ್ರಿಗಳು ಸುತ್ತ ನೋಡಿದರು. ಕ್ಯಾಮೆರಾ ಇತ್ತು, ಶೇಖ್ ಇದ್ದರು, ಖಾಲಿ ಕೊಡ ಹಿಡಿದು ಊರೇ ನಿಂತಿತ್ತು. ಕಾರಿನ ಮುಂಭಾಗದ ಮೇಲೆ ಹಲಗೆ ಇಟ್ಟುಕೊಂಡು ಬಗ್ಗಿದರು.

"ಪಂಪು ನಡೆಸುವ ಮುಫ್ಲಿಹ್ ಹನ್ನೊಂದು ತಿಂಗಳು ಸುಳ್ಳು ಬರೆದದ್ದು ನಿಜ."

"ಅದನ್ನೂ ಬರೀಬೇಕಾ?"

"ನಿಜ ತಾನೆ, ಬರೀರಿ. ಹಾಗೆ ಬರೆಸಿದವರು ಇಂಜಿನಿಯರ್ ರಾತಿಬ್. ಬರೆದಿರಾ? ಎರಡೂ ತನಿಖೆ ಆಗಲಿ, ತನಿಖೆ ಮಾಡೋದು ರಾತಿಬ್ ಸಾಹೇಬರಲ್ಲ. ಮುಫ್ಲಿಹ್‌ನ ಅಮಾನತು ರದ್ದು. ಇಪ್ಪತ್ತಾರು ವರ್ಷದ ಪಿಂಚಣಿಯಲ್ಲಿ ಒಂದು ದಿನವೂ ಕಡಿಮೆ ಆಗಕೂಡದು."

ಅಬ್ಬಾ! ಹನ್ನೊಂದು ತಿಂಗಳು ಬೇರೆಯವರು ಹೇಳಿದ್ದನ್ನೇ ಬರೆದ ಮನುಷ್ಯ ಮಂತ್ರಿಗೆ ಉಕ್ತಲೇಖನ ಕೊಡುತ್ತಿದ್ದಾನೆ! ಫಿದ್ದಾಳ ಹಿಡಿತ ಸಡಿಲಾಯಿತು. ರಾತಿಬ್ ಸಾಹೇಬರು ಕಾರಿನ ಹಿಂದೆ ಸರಿದುಕೊಂಡರು, ಅಲ್ಲಿ ದಹಾಮ್ ಅಜ್ಜ ಹುಂಜ ಹಿಡಿದುಕೊಂಡು ನಿಂತಿದ್ದರು. ಮಂತ್ರಿಗಳು ಬರೆದರು. ಒದ್ದೆ ತೋಳು ತಾಗಿ ಶಾಯಿ ಕದಡಿದ್ದಕ್ಕೆ ನುಹಾ ಹೊಸ ಹಾಳೆ ಕೊಟ್ಟರು, ಮತ್ತೆ ಬರೆದರು. ದಪ್ಪ ಸಹಿ ಹಾಕಿ ಬೇಲಿಯ ಮೇಲಿಂದ ಚಾಚಿದರು.

"ತಗೋಪ್ಪಾ. ಈಗಾದ್ರೂ ನೀರು ಬಿಡು."

ಮುಫ್ಲಿಹ್ ಕಾಗದ ತಗೊಂಡ. ಊರಿನವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು. ಅವನು ಬೆರಳಿಟ್ಟು ಸಾಲುಸಾಲಾಗಿ ತುಟಿ ಆಡಿಸುತ್ತ ಓದಿದ. ಮೇಲಿನಿಂದ ಕೆಳಗಿನವರೆಗೆ ಓದಿ, ಇನ್ನೊಮ್ಮೆ ಓದಿ, ಕಾಗದವನ್ನು ಮರಳಿ ಮಂತ್ರಿಗಳ ಕೈಗೇ ಕೊಟ್ಟ.

"ತಾರೀಖು ಹಾಕಿಲ್ಲ, ಸ್ವಾಮಿ."